ಪೋರ್ಟ್ರೇಟ್ ಫೋಟೊ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಕಡೆಯಿಂದ ಫೋಟೊ ಕಲಿಯಲು ಬರುವ ಹೊಸಬರು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅಂತ ಈ ಪುಟ. ಮದುವೆ ಆಲ್ಬಮ್, ಪ್ರೀ ವೆಡ್ಡಿಂಗ್, ಡ್ರೋನ್ ಇವು ಯಾವುವೂ ಇಲ್ಲಿಲ್ಲ. ಒಬ್ಬ ಮನುಷ್ಯ, ಒಂದು ಮುಖ, ಅಷ್ಟೇ.

ನನ್ನ ಹತ್ತಿರ ಫೋನ್ ಮಾತ್ರ ಇದೆ. ಕಲಿಯಬಹುದಾ?

ಧಾರಾಳವಾಗಿ ಕಲಿಯಬಹುದು. ಪೋರ್ಟ್ರೇಟ್‌ನ ದೊಡ್ಡ ಪಾಲು ಕ್ಯಾಮೆರಾ ಎತ್ತುವ ಮೊದಲೇ ಮುಗಿದಿರುತ್ತದೆ. ಎದುರಿಗಿರುವವರನ್ನು ಎಲ್ಲಿ ನಿಲ್ಲಿಸುತ್ತೀರಿ, ಬೆಳಕು ಯಾವ ಕಡೆಯಿಂದ ಬರುತ್ತಿದೆ, ಹಿಂದಿನ ಗೋಡೆ ಎಷ್ಟು ದೂರ, ನೀವು ಎಷ್ಟು ದೂರ? ಇವಕ್ಕೆ ಒಂದು ರೂಪಾಯಿಯೂ ಬೇಡ. ಈ ಪುಟದಲ್ಲಿ ಬೇರೆ ಏನು ಬರೆದಿದ್ದರೂ ಕೊನೆಗೆ ಅದು ನಿಲ್ಲಿಸುವ ಜಾಗದ ಮಾತೇ ಆಗಿರುತ್ತದೆ.

ಫೋನಿನಲ್ಲಿ ಮೊದಲು ಲೆನ್ಸ್ ಒರೆಸಿ. ಜೇಬಿನ ಎಣ್ಣೆ ಜಿಡ್ಡಿನಿಂದಲೇ ಅರ್ಧ ಫೋಟೊಗಳು ಮಸುಕಾಗುತ್ತವೆ. ಆಮೇಲೆ ಬ್ಯೂಟಿ ಮೋಡ್ ಆಫ್ ಮಾಡಿ. ಕೆಲವು ಫೋನ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ, ಚರ್ಮ ಮೇಣ ಬಳಿದ ಹಾಗೆ ಆಗುತ್ತದೆ. ಮೂರನೆಯದು, ಮುಖದ ಫೋಟೊಗೆ ಜೂಮ್ 1ಎಕ್ಸ್ ಬಿಟ್ಟು 2ಎಕ್ಸ್ ಅಥವಾ 3ಎಕ್ಸ್ ಒತ್ತಿ, ನೀವು ಎರಡು ಹೆಜ್ಜೆ ಹಿಂದೆ ಬನ್ನಿ. ಯಾಕೆ ಅಂತ ಮುಂದೆ ಹೇಳಿದೆ.

ಎಲ್ಲರೂ "ಬೆಳಕು ನೋಡು, ಬೆಳಕು ನೋಡು" ಅಂತಾರೆ. ಏನು ನೋಡಬೇಕು?

ಮನೆಯ ತಲೆಬಾಗಿಲಿನಿಂದ ಶುರು ಮಾಡಿ. ನೇರ ಬಿಸಿಲು ಒಳಗೆ ಬೀಳದ ಹೊತ್ತು ನೋಡಿಕೊಂಡು ಅಜ್ಜಿಯನ್ನು ಹೊಸ್ತಿಲಿನಿಂದ ಎರಡು ಮೂರು ಅಡಿ ಒಳಗೆ ಕೂರಿಸಿ. ಮುಖ ಬೆಳಕಿನ ಕಡೆ ಇರಲಿ. ನೀವು ಬಾಗಿಲಿನ ಒಂದು ಪಕ್ಕಕ್ಕೆ ನಿಲ್ಲಿ. ನಡುವೆ ನಿಂತರೆ ಬರುವ ಬೆಳಕನ್ನು ನೀವೇ ತಡೆದಂತೆ.

ಈಗ ಅಜ್ಜಿಯ ಕಣ್ಣು ನೋಡಿ. ಕಪ್ಪು ಗುಡ್ಡೆಯೊಳಗೆ ಬಾಗಿಲಿನ ಆಕಾರ ಸಣ್ಣಗೆ ಹೊಳೆಯುತ್ತಿರುತ್ತದೆ. ಅದು ಇದ್ದರೆ ಕಣ್ಣಿಗೆ ಜೀವ ಇದೆ. ಇಲ್ಲದಿದ್ದರೆ ಮುಖ ಎಷ್ಟೇ ಚೆನ್ನಾಗಿದ್ದರೂ ನೋಟ ಸಪ್ಪೆ. ಮೂಗುತಿಯ ಮೇಲೆ ಒಂದು ಚುಕ್ಕಿ ಬೆಳಕು, ಸೆರಗಿನ ಅಂಚಿನಲ್ಲಿ ಒಂದು ಗೆರೆ ಬೆಳಕು ಬರುತ್ತದೆ. ಹಿಂದಿನ ಪಡಸಾಲೆಯಲ್ಲಿರುವ ಕ್ಯಾಲೆಂಡರ್, ಅಕ್ಕಿ ಚೀಲ, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿ ಎಲ್ಲ ಕತ್ತಲಿಗೆ ಸರಿಯುತ್ತವೆ. ಹಿನ್ನೆಲೆಗೆ ಕಪ್ಪು ಪರದೆ ಕಟ್ಟುವ ಕೆಲಸ ಉಳಿಯಿತು.

"ಅಜ್ಜಿ, ಚೂರು ಈ ಕಡಿಗೆ ತಿರುಗ್ರಿ" ಅನ್ನಿ. ಮುಖ ಬಾಗಿಲಿಗೆ ನೇರ ಇದ್ದಾಗ ಸುಕ್ಕುಗಳು ಕಡಿಮೆ ಕಾಣುತ್ತವೆ. ಅರ್ಧ ತಿರುಗಿದರೆ ಒಂದು ಕೆನ್ನೆ ನೆರಳಿಗೆ ಹೋಗಿ, ಆ ನೆರಳಿನ ನಡುವೆ ಕಣ್ಣಿನ ಕೆಳಗೆ ಒಂದು ತ್ರಿಕೋನದಷ್ಟು ಬೆಳಕು ಉಳಿಯುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಬಿಡಿಸುತ್ತಿದ್ದ ಮುಖಗಳಲ್ಲಿ ಈ ಬೆಳಕು ಜಾಸ್ತಿ, ಅದಕ್ಕೇ ಫೋಟೊಗ್ರಾಫರ್‌ಗಳು ಇದನ್ನು ರೆಂಬ್ರಾಂಟ್ ಲೈಟಿಂಗ್ ಅನ್ನುತ್ತಾರೆ. ಪೂರ್ತಿ ಪಕ್ಕಕ್ಕೆ ತಿರುಗಿದರೆ ಅರ್ಧ ಮುಖ ಬೆಳಕು, ಅರ್ಧ ಕತ್ತಲು. ನೆರಳು ಜಾಸ್ತಿಯಾಯಿತು ಅನಿಸಿದರೆ ಕತ್ತಲಿರುವ ಕಡೆ ಯಾರಾದರೂ ಒಂದು ಬಿಳಿ ಪಂಚೆಯನ್ನೋ ಥರ್ಮಕೋಲ್ ಶೀಟನ್ನೋ ಹಿಡಿಯಲಿ.

ಹೊಸ್ತಿಲಿಗೆ ಹತ್ತಿರ ಬಂದಷ್ಟೂ ಬೆಳಕು ಮೆತ್ತಗಾಗುತ್ತದೆ. ಒಳಕ್ಕೆ ಸರಿದಷ್ಟೂ ಬೆಳಕು ಕಡಿಮೆಯಾಗಿ ನೆರಳಿನ ಅಂಚು ಗಟ್ಟಿಯಾಗುತ್ತದೆ. ಇದನ್ನು ಓದಿ ಬಿಡಬೇಡಿ, ಮನೆಯವರನ್ನು ಕೂರಿಸಿ ಒಂದೊಂದೇ ಅಡಿ ಸರಿಸಿ ನೋಡಿ.

ಮಧ್ಯಾಹ್ನ ಫೋಟೊ ತೆಗೆಯಲೇಬಾರದಾ?

ತೆಗೆಯಬಹುದು, ಬಯಲಿನಲ್ಲಿ ಬೇಡ. ನಮ್ಮ ಊರುಗಳು ಭೂಮಧ್ಯರೇಖೆಯಿಂದ ಸುಮಾರು 14 ಡಿಗ್ರಿ ಉತ್ತರಕ್ಕಿವೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯಕ್ಕೆ, ಹನ್ನೆರಡೂವರೆ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ. ಯಾರನ್ನು ನಿಲ್ಲಿಸಿದರೂ ರಾತ್ರಿಯಿಡೀ ನಿದ್ದೆಗೆಟ್ಟವರ ಹಾಗೆ ಕಾಣುತ್ತಾರೆ. ಬೇವಿನ ಮರದಡಿ, ಅಂಗಡಿಯ ತಗಡಿನ ಶೀಟಿನ ಕೆಳಗೆ, ಬಸ್ ಶೆಲ್ಟರ್‌ನಲ್ಲಿ ನಿಲ್ಲಿಸಿ. ನೆರಳಿನ ಅಂಚಿನಿಂದ ಒಂದೆರಡು ಹೆಜ್ಜೆ ಒಳಗೆ, ಮುಖ ಬಯಲಿನ ಕಡೆ ಇರಬೇಕು. ಮರದ ನೆರಳಾದರೆ ಎಲೆಗಳ ಸಂದಿಯಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ಸಂಜೆ ಬೆಳಕು ಬೇಕಾದರೆ ತಿಂಗಳು ನೋಡಿ ಹೊರಡಿ. ಜುಲೈನಲ್ಲಿ ಏಳರ ಹತ್ತಿರ ಮುಳುಗುವ ಸೂರ್ಯ ನವೆಂಬರ್‌ನಲ್ಲಿ ಆರಕ್ಕೆ ಮೊದಲೇ ಹೋಗಿಬಿಡುತ್ತಾನೆ. ದಾವಣಗೆರೆಯ ಕುಂದವಾಡ ಕೆರೆ ಏರಿಗೆ ಐದೂವರೆಗೆ ಹೋದರಾಯಿತು ಅಂದುಕೊಂಡವರಿಗೆ ನವೆಂಬರ್‌ನಲ್ಲಿ ಸಿಗುವುದು ಬರೀ ಇಪ್ಪತ್ತು ನಿಮಿಷ.

ಮೋಡ ಕವಿದ ದಿನ ಒಳ್ಳೆಯದಂತೆ, ಹೌದಾ?

ಹೌದು. ಆದರೆ ಆಗಲೂ ಬೆಳಕು ಮೇಲಿನಿಂದಲೇ ಬರುತ್ತದೆ, ಕಣ್ಣಿನ ಗುಳಿ ಸ್ವಲ್ಪ ಕಪ್ಪಾಗುತ್ತದೆ. ಗದ್ದ ಚೂರು ಮೇಲೆತ್ತಲು ಹೇಳಿ.

ಹತ್ತಿರ ಹೋಗಿ ತೆಗೆದರೆ ಮೂಗು ದೊಡ್ಡದಾಗಿ ಬರುತ್ತದೆ. ನನ್ನ ಲೆನ್ಸ್ ಸರಿ ಇಲ್ವಾ?

ಲೆನ್ಸ್ ಸರಿಯಾಗಿಯೇ ಇದೆ, ನೀವು ನಿಂತ ಜಾಗ ಸರಿಯಿಲ್ಲ. ಒಂದೂವರೆ ಅಡಿ ದೂರದಿಂದ ನೋಡಿದರೆ ಕಿವಿಗಿಂತ ಮೂಗು ನಿಮಗೆ ತುಂಬಾ ಹತ್ತಿರ, ಅದಕ್ಕೇ ದೊಡ್ಡದಾಗಿ ಕಾಣುತ್ತದೆ. ಆರೇಳು ಅಡಿ ಹಿಂದೆ ಹೋದರೆ ಮೂಗು, ಕಿವಿ ಎರಡೂ ಹೆಚ್ಚು ಕಡಿಮೆ ಒಂದೇ ದೂರದಲ್ಲಿರುತ್ತವೆ, ಮುಖ ಕಣ್ಣಿಗೆ ಕಂಡಂತೆಯೇ ಬರುತ್ತದೆ. ಅಷ್ಟು ದೂರದಿಂದ ಮುಖ ಫ್ರೇಮಿನಲ್ಲಿ ಸಣ್ಣದಾಗುವುದರಿಂದ ಉದ್ದದ ಲೆನ್ಸ್, ಅಂದರೆ ದೂರದ್ದನ್ನು ದೊಡ್ಡದಾಗಿ ತೋರಿಸುವ, ಎಂಎಂ ಸಂಖ್ಯೆ ಹೆಚ್ಚಿರುವ ಲೆನ್ಸ್ ಬೇಕಾಗುತ್ತದೆ. 85 ಎಂಎಂ ಲೆನ್ಸಿಗೆ ಪೋರ್ಟ್ರೇಟ್ ಲೆನ್ಸ್ ಅನ್ನುವ ಹೆಸರು ಬಂದಿರುವುದು ಇದಕ್ಕೇ. ಫೋನಿನಲ್ಲಿ 2ಎಕ್ಸ್ ಒತ್ತಿ ಹಿಂದೆ ಬನ್ನಿ ಅಂದದ್ದೂ ಇದಕ್ಕೇ.

ಯಾವ ಲೆನ್ಸ್ ಕೊಳ್ಳಲಿ?

ಮೊದಲು ಕ್ಯಾಮೆರಾ ಜೊತೆ ಬಂದ 18-55 ಇದ್ದರೆ ಅದನ್ನು 55ಕ್ಕೆ ಇಟ್ಟು ಒಂದಷ್ಟು ತಿಂಗಳು ದುಡಿಸಿ. ಕೊಳ್ಳಲೇಬೇಕು ಅಂದರೆ 50 ಎಂಎಂ ಎಫ್/1.8 (ಎಫ್ ನಂಬರ್ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಬೆಳಕು ಜಾಸ್ತಿ). ಹಲವು ಕಂಪನಿಗಳ ಪಟ್ಟಿಯಲ್ಲಿ ಕಡಿಮೆ ಬೆಲೆಯ ಲೆನ್ಸ್‌ಗಳಲ್ಲಿ ಇದೂ ಒಂದು, ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ. ಸಣ್ಣ ಸೆನ್ಸರಿನ (ಸೆನ್ಸರ್ ಅಂದರೆ ಚಿತ್ರ ಹಿಡಿಯುವ ಚಿಪ್) ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದು 75ರಿಂದ 80 ಎಂಎಂ ಲೆನ್ಸಿನಷ್ಟೇ ಜಾಗ ತೋರಿಸುತ್ತದೆ. ಮುಖಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಸಾಲ ಮಾಡಿ ದೊಡ್ಡ ಲೆನ್ಸ್ ತರಬೇಡಿ.

ಹಿಂದೆ ಬ್ಲರ್ ಬರಬೇಕು. ಹೇಗೆ?

ಎಲ್ಲರಿಗೂ ಇದೇ ಬೇಕು! ಎಫ್ ನಂಬರ್ ಇಳಿಸುವುದು ಒಂದು ದಾರಿ, ಆದರೆ ಅದಕ್ಕಿಂತ ಮೊದಲು ಜನರನ್ನು ಗೋಡೆಗೆ ಅಂಟಿಸಿ ನಿಲ್ಲಿಸುವುದನ್ನು ಬಿಡಿ. ಹಿನ್ನೆಲೆ ಅವರಿಂದ ಹದಿನೈದು ಇಪ್ಪತ್ತು ಅಡಿ ದೂರ ಇದ್ದರೆ ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸಿನಲ್ಲೂ ಎಫ್/5.6ಕ್ಕೆ ಹಿಂದಿನದು ಕರಗುತ್ತದೆ.

ಬ್ಲರ್ ಹುಚ್ಚಿಗೆ ಒಂದು ಬೆಲೆಯೂ ಇದೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್/1.8ಕ್ಕೆ ಇಟ್ಟು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಕಣ್ಣು ಸ್ಪಷ್ಟ, ಕಿವಿ ಮಸುಕು. ಆ ವ್ಯಕ್ತಿ ಉಸಿರೆಳೆದು ಚೂರು ಮುಂದೆ ಬಾಗಿದರೆ ಕಣ್ಣೂ ಹೋಯಿತು. ಎಫ್/2.8 ಅಥವಾ 4ಕ್ಕೆ ತನ್ನಿ, ನೆಮ್ಮದಿ. ಫೋಕಸ್ ಯಾವಾಗಲೂ ಕ್ಯಾಮೆರಾಗೆ ಹತ್ತಿರ ಇರುವ ಕಣ್ಣಿನ ಮೇಲೆ.

ಫೋನಿನ ಪೋರ್ಟ್ರೇಟ್ ಮೋಡ್ ಬ್ಲರ್ ಬೇರೆ ಥರ. ಯಾವುದು ಮನುಷ್ಯ, ಯಾವುದು ಹಿನ್ನೆಲೆ ಅಂತ ಸಾಫ್ಟ್‌ವೇರ್ ಅಂದಾಜು ಮಾಡಿ ಮಸುಕು ಮಾಡುತ್ತದೆ. ಆ ಅಂದಾಜು ತಪ್ಪುವುದು ಕೂದಲಿನ ಅಂಚು, ಕನ್ನಡಕದ ಕಡ್ಡಿ, ಜುಮಕಿ, ಮುಡಿದ ಮಲ್ಲಿಗೆ ದಂಡೆ ಇಂಥ ಕಡೆ. ಆ ಜಾಗಗಳನ್ನು ಜೂಮ್ ಮಾಡಿ ನೋಡಿ ಆಮೇಲೆ ಕಳಿಸಿ.

ಸೆಟ್ಟಿಂಗ್ ಹೇಳಿ ಸರ್, ಬರೆದುಕೊಳ್ತೀನಿ.

ಅಪರ್ಚರ್ ಪ್ರಯಾರಿಟಿ ಮೋಡ್ (ಎಫ್ ನಂಬರ್ ನೀವು ಇಡುತ್ತೀರಿ, ಶಟರ್ ವೇಗ ಕ್ಯಾಮೆರಾ ನೋಡಿಕೊಳ್ಳುತ್ತದೆ), ಎಫ್/2.8ರಿಂದ 4. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಆಟೊ. ಶಟರ್ ಸೆಕೆಂಡಿನ 1/200ಕ್ಕಿಂತ ನಿಧಾನ ಹೋಗದ ಹಾಗೆ ಮೆನುವಿನಲ್ಲಿ ಕಟ್ಟುಹಾಕಿ. ಮಕ್ಕಳಾದರೆ 1/500. ಕತ್ತಲಿದ್ದರೆ ಐಎಸ್‌ಒ 1600, 3200 ಹೋಗಲಿ, ಹೆದರಬೇಡಿ. ಸ್ವಲ್ಪ ಕಾಳು ಕಾಳಾದ ಫೋಟೊ ನೋಡಬಹುದು, ಅಲುಗಿದ ಫೋಟೊ ನೋಡಲಾಗದು. ಮ್ಯಾನುಯಲ್ ಮೋಡ್‌ನಲ್ಲಿ ತೆಗೆದರೇ ಫೋಟೊಗ್ರಾಫರ್ ಅನ್ನುವ ಜಂಬ ನನಗಂತೂ ಅರ್ಥವಾಗುವುದಿಲ್ಲ.

ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ರುಮಾಲು. ಮುಖ ಮಾತ್ರ ಕಪ್ಪಾಗಿ ಬರುತ್ತದೆ.

ನಮ್ಮ ಕಡೆಯ ಹಿರಿಯರ ಫೋಟೊದಲ್ಲಿ ಇದೇ ದೊಡ್ಡ ತಲೆನೋವು. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ತನ್ನೆದುರಿಗೆ ಇರುವುದೆಲ್ಲ ಸರಾಸರಿ ಬೂದು ಬಣ್ಣ ಅಂತ ಲೆಕ್ಕ ಹಾಕುತ್ತದೆ. ಫ್ರೇಮ್ ತುಂಬಾ ಬಿಳಿ ಬಟ್ಟೆ ಇದ್ದರೆ ಬೆಳಕು ಜಾಸ್ತಿ ಇದೆ ಅಂದುಕೊಂಡು ಇಡೀ ಫೋಟೊವನ್ನು ಕಪ್ಪು ಮಾಡುತ್ತದೆ. ಬಿಸಿಲಲ್ಲಿ ದುಡಿದ ಮುಖ ಮೊದಲೇ ಎಣ್ಣೆಗೆಂಪು, ಅದು ಇನ್ನೂ ಕಪ್ಪಾಗುತ್ತದೆ. ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +0.7 ಅಥವಾ +1 ಕೊಡಿ. ಫೋನಿನಲ್ಲಿ ಮುಖದ ಮೇಲೆ ಬೆರಳಿಟ್ಟು ಸೂರ್ಯನ ಗುರುತನ್ನು ಮೇಲೆ ಎಳೆಯಿರಿ.

ಹಾಗೆ ಮಾಡಿದಾಗ ಅಂಗಿ ಸುಣ್ಣ ಬಳಿದಂತೆ ಬಿಳಿಚಿಕೊಂಡರೆ ನೀವು ಅವರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದೀರಿ ಅಂತ ಅರ್ಥ. ನೆರಳಿಗೆ ಕರೆತನ್ನಿ. ಅಲ್ಲಿ ಬಟ್ಟೆಗೂ ಮುಖಕ್ಕೂ ಇರುವ ಅಂತರ ಒಂದೇ ಫೋಟೊದಲ್ಲಿ ಹಿಡಿಸುತ್ತದೆ.

ಹಣೆಯ ವಿಭೂತಿಯ ಕಥೆಯೂ ಇದೇ. ನೇರ ಫ್ಲ್ಯಾಷ್ ಹೊಡೆದರೆ ಮೂರು ಪಟ್ಟೆಯೂ ಸೇರಿ ಒಂದು ಬಿಳಿ ಚಪ್ಪಡಿ ಆಗಿಬಿಡುತ್ತದೆ. ಪಕ್ಕದಿಂದ ಮೆತ್ತನೆ ಬೆಳಕು ಕೊಟ್ಟರೆ ಬೆರಳು ಎಳೆದ ಗೆರೆ, ನಡುವೆ ಒಣಗಿ ಉದುರಿದ ಜಾಗ ಎಲ್ಲ ಕಾಣುತ್ತದೆ.

ಕನ್ನಡಕದಲ್ಲಿ ಕಿಟಕಿ ಹೊಳೆಯುತ್ತದೆ. ತೆಗೆಸಲಾ?

ಬೇಡ. ಸದಾ ಕನ್ನಡಕ ಹಾಕುವವರ ಮುಖ ಅದಿಲ್ಲದೆ ಬೋಳು ಬೋಳಾಗಿ ಕಾಣುತ್ತದೆ, ಮೂಗಿನ ಮೇಲಿನ ಗುರುತು ಬೇರೆ. ಕಿವಿಯ ಹತ್ತಿರ ಕಡ್ಡಿಗಳನ್ನು ಚೂರೇ ಚೂರು ಮೇಲೆತ್ತಿ. ಗಾಜು ಕೆಳಗೆ ವಾಲುತ್ತದೆ, ಹೊಳಪು ಹೋಗುತ್ತದೆ. ಹೋಗದಿದ್ದರೆ ಅವರನ್ನು ಕಿಟಕಿಯಿಂದ ಸ್ವಲ್ಪ ಆಚೆ ತಿರುಗಿಸಿ.

ರಾತ್ರಿ ಮನೆಯೊಳಗೆ ತೆಗೆದರೆ ಬಣ್ಣ ವಿಚಿತ್ರ, ಅಡ್ಡಡ್ಡ ಪಟ್ಟೆ ಬೇರೆ.

ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್, ಸಸ್ತಾ ಎಲ್‌ಇಡಿ ಬಲ್ಬ್‌ಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ವೇಗದ ಶಟರ್‌ಗೆ ಗೊತ್ತಾಗುತ್ತದೆ. 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ಮೇಲೆ ಹೇಳಿದ 1/200 ಲೆಕ್ಕ ಇಲ್ಲಿ ಬಿಡಿ, ಎದುರಿಗಿರುವವರನ್ನು ಕೂರಿಸಿ ತೆಗೆಯಿರಿ. ಬಣ್ಣ ಕೆಡುವುದು ಎರಡು ಥರದ ಬೆಳಕು ಬೆರೆತಾಗ. ದೇವರ ಮನೆಯ ಹಳದಿ ಬಲ್ಬು, ಹಾಲಿನ ಬಿಳಿ ಟ್ಯೂಬು ಎರಡೂ ಉರಿಯುತ್ತಿದ್ದರೆ ಒಂದನ್ನು ಆಫ್ ಮಾಡಿ.

ಫ್ಲ್ಯಾಷ್ ಇದ್ದರೆ ತಲೆ ಮೇಲಿನ ಬಿಳಿ ತಾರಸಿಗೆ ಹೊಡೆದು ವಾಪಸ್ ಬರಿಸಿ. ಹೆಂಚಿನ ಮನೆಯಲ್ಲಿ ಅದು ಆಗದು. ಗೋಡೆಗೆ ಹೊಡೆಯೋಣ ಅಂದರೆ ನಮ್ಮ ಮನೆಗಳ ಗೋಡೆ ಗಿಳಿ ಹಸಿರು, ಆಕಾಶ ನೀಲಿ. ಆ ಬಣ್ಣವೇ ಮುಖಕ್ಕೆ ಬಂದು ಕೂರುತ್ತದೆ. ಗೋಡೆಗೆ ಒಂದು ಬಿಳಿ ಬೆಡ್‌ಶೀಟ್ ತೂಗುಹಾಕಿ, ಮುಗಿಯಿತು.

ಕ್ಯಾಮೆರಾ ಕಂಡ ಕೂಡಲೇ ಎಲ್ಲರೂ ಅಟೆನ್ಷನ್‌ನಲ್ಲಿ ನಿಲ್ಲುತ್ತಾರೆ. ಏನು ಮಾಡೋದು?

1839ರಲ್ಲಿ ಫೋಟೊಗ್ರಫಿ ಶುರುವಾದಾಗ ಒಂದು ಫೋಟೊಗೆ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ತಲೆ ಅಲುಗಬಾರದು ಅಂತ ಹಿಂದೆ ಕಬ್ಬಿಣದ ಆಸರೆ ಕೊಡುತ್ತಿದ್ದರು. ಈಗ ಆಸರೆ ಹೋಗಿದೆ, ಬಿಗಿತ ಉಳಿದಿದೆ.

"ನಗಿ, ನಗಿ" ಅನ್ನಬೇಡಿ. ಕೇಳಿ ತರಿಸಿದ ನಗೆ ಬಾಯಿಯಲ್ಲಿ ಇರುತ್ತದೆ, ಕಣ್ಣಿಗೆ ಬರುವುದಿಲ್ಲ. ಕೈಗೆ ಕೆಲಸ ಕೊಡಿ. ಅಜ್ಜಿ ಎಲೆ ಅಡಿಕೆ ಮಡಿಸಲಿ, ಅಪ್ಪಾಜಿ ರುಮಾಲು ಸುತ್ತಲಿ, ಅಂಗಡಿಯವರು ತಕ್ಕಡಿ ಹಿಡಿಯಲಿ. ಈ ಸಲ ಮೆಕ್ಕೆಜೋಳಕ್ಕೆ ರೇಟು ಎಷ್ಟು ಹೋಯಿತು ಅಂತ ಒಬ್ಬ ರೈತರನ್ನು ಕೇಳಿ ನೋಡಿ. ಬರುವ ಮುಖಭಾವಕ್ಕೆ ಯಾವ ಪೋಸೂ ಸಾಟಿ ಇಲ್ಲ. ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿದ ಆ ಕ್ಷಣ ಎಲ್ಲರೂ ಭುಜ ಸಡಿಲ ಬಿಡುತ್ತಾರೆ, ಆಗ ಇನ್ನೊಂದು ತೆಗೆಯಿರಿ.

ಮಾತಿನಿಂದಲೇ ಆಗಬೇಕು ಅಂತೇನೂ ಇಲ್ಲ. 1941ರ ಡಿಸೆಂಬರ್ 30ರಂದು ಕೆನಡಾದ ಒಟ್ಟಾವದಲ್ಲಿ ಯೂಸುಫ್ ಕಾರ್ಶ್ ಎಂಬ ಫೋಟೊಗ್ರಾಫರ್ ವಿನ್‌ಸ್ಟನ್ ಚರ್ಚಿಲ್ ಬಾಯಲ್ಲಿದ್ದ ಚುಟ್ಟವನ್ನೇ ಕಿತ್ತುಕೊಂಡರು. ಚರ್ಚಿಲ್ ಸಿಟ್ಟಿನಿಂದ ದುರುಗುಟ್ಟಿದರು. ಜಗತ್ತು ನೆನಪಿಟ್ಟುಕೊಂಡಿರುವುದು ಆ ಫೋಟೊವನ್ನೇ. ನೀವು ಇದನ್ನು ನಿಮ್ಮ ಮಾವನವರ ಮೇಲೆ ಪ್ರಯೋಗ ಮಾಡಬೇಡಿ.

ನಿಲ್ಲುವ ಭಂಗಿಗೆ ಎರಡೇ ಮಾತು. ಭುಜ ಚೂರು ಓರೆ, ಭಾರ ಹಿಂದಿನ ಕಾಲಿನ ಮೇಲೆ. ಗದ್ದವನ್ನು ಒಂದಿಷ್ಟು ಮುಂದಕ್ಕೆ ತಂದು ಚೂರು ಕೆಳಗಿಳಿಸಿದರೆ ಕತ್ತಿನ ಮಡಿಕೆ ಮಾಯ.

ಚಿತ್ರದುರ್ಗದ ಕೋಟೆಯಲ್ಲಿ ತೆಗೆಯುವ ಆಸೆ. ಏನಾದರೂ ಸಲಹೆ?

ಬಂಡೆಗಳನ್ನು ಬರೀ ಹಿನ್ನೆಲೆ ಅಂದುಕೊಳ್ಳಬೇಡಿ, ಅವು ಬೆಳಕನ್ನು ಹಿಂದಕ್ಕೆ ಕಳಿಸುವ ದೊಡ್ಡ ರಿಫ್ಲೆಕ್ಟರ್‌ಗಳು. ಬಿಸಿಲು ಬಿದ್ದ ಬಂಡೆಯ ಎದುರು, ಇನ್ನೊಂದು ಬಂಡೆಯ ನೆರಳಿನಲ್ಲಿ ಜನರನ್ನು ನಿಲ್ಲಿಸಿ. ಎದುರಿನ ಕಲ್ಲಿಗೆ ಬಡಿದ ಬಿಸಿಲು ತುಸು ಬೆಚ್ಚಗಿನ ಬಣ್ಣ ಹೊತ್ತು ಮುಖಕ್ಕೆ ಬರುತ್ತದೆ. ಬೆಳಿಗ್ಗೆ ಬೇಗ ಹೋದರೆ ಇಂಥ ಸಂದುಗಳು ಸಾಕಷ್ಟು ಸಿಗುತ್ತವೆ. ಓಬವ್ವನ ಕಿಂಡಿಯ ಹತ್ತಿರ ಮಾತ್ರ ಭಾನುವಾರ ಆಸೆ ಬಿಡಿ, ಪ್ರತಿ ಫ್ರೇಮಿನಲ್ಲೂ ಯಾರಾದರೂ ಒನಕೆ ಎತ್ತಿದ ಪೋಸ್ ಕೊಡುತ್ತಿರುತ್ತಾರೆ.

ಮಳೆಗಾಲದಲ್ಲಿ ಗಾಳಿ ಜೋರು. ಆ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮುಖ ಗಾಳಿಗೆ ಎದುರಾಗಿ ನಿಲ್ಲಿಸಿದರೆ ಕೂದಲು ಹಿಂದಕ್ಕೆ ಹೋಗುತ್ತದೆ, ಬೆನ್ನು ಕೊಟ್ಟರೆ ಮುಖಕ್ಕೆ ಬಡಿಯುತ್ತದೆ. ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕೈಯಲ್ಲಿ ಹಿಡಿದ ಕ್ಯಾಮೆರಾಗೆ ತೊಂದರೆ ಇಲ್ಲ, ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಇಡಬೇಕಾದರೆ ಮೊದಲೇ ಅನುಮತಿ ಬೇಕು. ಮತ್ತೆ ಕೋತಿಗಳಿವೆ, ತಿಂಡಿ ಬ್ಯಾಗನ್ನು ಕ್ಯಾಮೆರಾ ಬ್ಯಾಗಿನ ಜೊತೆ ಇಡಬೇಡಿ.

ದಾವಣಗೆರೆಯಲ್ಲಿ ಗಾಜಿನ ಮನೆ ಬಿಟ್ಟು ಬೇರೆ ಜಾಗ?

ಗಾಜಿನ ಮನೆಯಲ್ಲಿ ಎಲ್ಲರ ಫೋಟೊಗಳೂ ಒಂದೇ ಥರ. ನನ್ನನ್ನು ಕೇಳಿದರೆ ಮಂಡಕ್ಕಿ ಭಟ್ಟಿ. ಕಾದ ಮರಳಿನಲ್ಲಿ ಅಕ್ಕಿ ಅರಳುವ ಜಾಗ. ಹೊಗೆ, ದೂಳು ಇರುವುದರಿಂದ ಬಾಗಿಲಿನಿಂದ ಬರುವ ಬೆಳಿಗ್ಗೆಯ ಬಿಸಿಲು ಕೋಲು ಕೋಲಾಗಿ ಕಾಣುತ್ತದೆ. ಹೊಸಬರು ಬೆಂಕಿಯ ಬೆಳಕಿಗೆ ಮರುಳಾಗುತ್ತಾರೆ, ಆದರೆ ಅದು ಕೆಳಗಿನಿಂದ ಬಂದು ಮುಖವನ್ನು ದೆವ್ವದಂತೆ ಮಾಡುತ್ತದೆ. ಕೆಲಸದವರು ಚೀಲ ಹೊತ್ತು ಬಾಗಿಲಿಗೆ ಬಂದಾಗ ತೆಗೆಯಿರಿ. ಹುಬ್ಬಿನ ಮೇಲೆ ಕೂತ ಬಿಳಿ ದೂಳು, ಹಣೆಯ ಬೆವರು ಎರಡೂ ಆ ಬೆಳಕಿನಲ್ಲಿ ಎದ್ದು ಕಾಣುತ್ತವೆ. ಒಳಗೆ ಲೆನ್ಸ್ ಬದಲಿಸಬೇಡಿ, ದೂಳೆಲ್ಲ ಸೆನ್ಸರ್ ಮೇಲೆ ಕೂರುತ್ತದೆ. ಅವರ ಕೆಲಸಕ್ಕೆ ಅಡ್ಡ ಬರಬೇಡಿ, ಬಿಡುವಿದ್ದಾಗ ಬರುತ್ತೇನೆ ಅಂತ ಮೊದಲೇ ಮಾತಾಡಿಕೊಳ್ಳಿ.

ಗೊತ್ತಿಲ್ಲದವರ ಫೋಟೊ ಕೇಳದೆ ತೆಗೆಯಬಹುದಾ?

ಮುಖವೇ ವಿಷಯವಾದ ಮೇಲೆ ಕೇಳಿಯೇ ತೆಗೆಯಬೇಕು. "ಯಜಮಾನ್ರೇ, ಒಂದು ಫೋಟೊ ತಗೊಳ್ಲಾ?" ಅನ್ನಲು ಎಷ್ಟು ಹೊತ್ತು ಬೇಕು? ಬೇಡ ಅಂದರೆ ಕೈ ಮುಗಿದು ಮುಂದೆ ಹೋಗಿ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಿ. ದುಗ್ಗಮ್ಮನ ಜಾತ್ರೆಯ ಗದ್ದಲದಲ್ಲಿ ದೂರದಿಂದ ಜೂಮ್ ಹಾಕಿ ಹೆಣ್ಣುಮಕ್ಕಳ ಫೋಟೊ ಕದಿಯುವುದಕ್ಕೆ ಕ್ಯಾಂಡಿಡ್ (ಸಹಜ ಕ್ಷಣದ ಫೋಟೊ) ಅಂತ ಹೆಸರಿಟ್ಟರೂ ಅದು ಕಳ್ಳತನವೇ. ತೆಗೆದ ಮೇಲೆ ಪ್ರಿಂಟ್ ಹಾಕಿಸಿ ಕೊಡುತ್ತೇನೆ ಅಂದರೆ ಕೊಡಿ. ಮುಂದಿನ ಸಲ ಆ ಓಣಿಗೆ ಹೋದಾಗ ಟೀ ಕುಡಿಸದೆ ಕಳಿಸುವುದಿಲ್ಲ.

"ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಅಂತಾರೆ. ಮಾಡಲಾ?

ಮಾಡಬೇಡಿ. ಮುಖಕ್ಕೆ ಬೆಳಕು ಸಾಲದೆ ಕಪ್ಪಾಗಿದ್ದರೆ ಎಕ್ಸ್‌ಪೋಷರ್ ಏರಿಸಿ, ಅದು ತಿದ್ದುವ ಕೆಲಸ. ಮೈಬಣ್ಣವನ್ನೇ ಬದಲಿಸಿದರೆ ಅದು ಬೇರೆಯವರ ಫೋಟೊ ಆಗುತ್ತದೆ. ಕಪ್ಪು ಚರ್ಮದ ಮೇಲೆ ಪಕ್ಕದ ಬೆಳಕು ಬಿದ್ದಾಗ ಬರುವ ಹೊಳಪು ಬಿಳುಪಿಸಿದ ಮುಖದಲ್ಲಿ ಎಲ್ಲಿ ಸಿಗಬೇಕು? ಸ್ನ್ಯಾಪ್‌ಸೀಡ್ ಅಥವಾ ಲೈಟ್‌ರೂಮ್‌ನ ಮೊಬೈಲ್ ಆ್ಯಪ್‌ನಲ್ಲಿ ಬೆಳಕು, ಬಣ್ಣದ ಹದ, ಕ್ರಾಪ್ ಇಷ್ಟು ಮಾಡಿ ಸಾಕು. ಮೊಡವೆ ಅಳಿಸಿ, ಅದು ವಾರದಲ್ಲಿ ಹೋಗುವಂಥದ್ದು. ಮಚ್ಚೆ, ಸುಕ್ಕು, ಹಚ್ಚೆ ಬಿಡಿ.

ಗುಂಪು ಫೋಟೊದಲ್ಲಿ ಒಬ್ಬರಾದರೂ ಕಣ್ಣು ಮುಚ್ಚಿರುತ್ತಾರೆ.

ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ. ಮೂರು ಅಂದ ಕೂಡಲೇ ತೆರೆಯಲಿ, ಆಗ ಒತ್ತಿ. ಎರಡು ಸಾಲಿದ್ದರೆ ಎಫ್/8, ಫೋಕಸ್ ಮುಂದಿನ ಸಾಲಿನ ಮೇಲೆ.

ನೋಡಿ ಕಲಿಯಲು ಇಲ್ಲಿ ಏನಿದೆ?

ದಾವಣಗೆರೆಯಲ್ಲಿ 1964ರಿಂದ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅಲ್ಲಿ ಪ್ರದರ್ಶನ ಇದ್ದಾಗ ಹೋಗಿ ಇದ್ದಿಲಿನಲ್ಲಿ ಬಿಡಿಸಿದ ಮುಖಗಳನ್ನು ನೋಡಿ. ಮೂಗಿನ ನೆರಳು ಎಲ್ಲಿ ನಿಲ್ಲಿಸಿದ್ದಾರೆ, ಕೆನ್ನೆಯ ಯಾವ ಜಾಗ ಖಾಲಿ ಬಿಟ್ಟಿದ್ದಾರೆ ನೋಡಿ. ಚಿತ್ರ ಬಿಡಿಸುವವರು ಕೈಯಾರೆ ಹಾಕುವ ನೆರಳನ್ನೇ ನಾವು ಜನರನ್ನು ತಿರುಗಿಸಿ ಪಡೆಯುವುದು. ಹಳೆಯ ಮನೆಗಳ ಗೋಡೆಯಲ್ಲಿ ತೂಗುಹಾಕಿದ ಕಪ್ಪು ಬಿಳುಪು ಫೋಟೊಗಳೂ ಒಳ್ಳೆಯ ಪಾಠ. ಅಲ್ಲಿನ ಮುಖಗಳಲ್ಲಿ ಬೆಳಕು ಎಡದಿಂದ ಬಂತೋ ಬಲದಿಂದ ಬಂತೋ ಹೇಳಲು ಪ್ರಯತ್ನಿಸಿ.

ಫೋಟೊ ಚೆನ್ನಾಗಿ ಬಂದಿತ್ತು, ಪ್ರಿಂಟ್ ಹಾಕಿಸಿದರೆ ಚೌಕ ಚೌಕ ಬಂತು. ಯಾಕೆ?

ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಲ್ಯಾಬಿಗೆ ಕೊಟ್ಟಿರುತ್ತೀರಿ. ಫೋಟೊ ಅಂತ ಕಳಿಸಿದರೆ ಅದು ಸೈಜನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಮೂಲ ಫೈಲ್ ಕೊಡಿ. 8 ಇಂಚು 12 ಇಂಚಿನ ಪ್ರಿಂಟ್ ಇಂಚಿಗೆ 300 ಪಿಕ್ಸೆಲ್‌ನಂತೆ ಬರಬೇಕಾದರೆ 2400ಕ್ಕೆ 3600 ಪಿಕ್ಸೆಲ್ ಬೇಕು, ಅಂದರೆ ಸುಮಾರು 8.6 ಮೆಗಾಪಿಕ್ಸೆಲ್. ಈಗಿನ ಸಾಧಾರಣ ಫೋನಿನ ಮೂಲ ಫೈಲ್‌ನಲ್ಲೂ ಅಷ್ಟು ಇರುತ್ತದೆ. ಲ್ಯಾಬಿನವರಿಗೆ "ಕಲರ್ ಕರೆಕ್ಷನ್ ಬೇಡ" ಅಂತ ಕವರಿನ ಮೇಲೆ ಬರೆದುಕೊಡಿ, ಇಲ್ಲದಿದ್ದರೆ ಅಲ್ಲಿ ಯಾರಾದರೂ ಮುಖವನ್ನು ಬೆಳ್ಳಗೆ ಮಾಡಿಯೇ ಕೊಡುತ್ತಾರೆ.